ಉಡಿ ಹಿಡಿದವಳು

ಕಾರಣವನ್ನಾದರೂ ಬೇರೆ ಬರೆಯಬಹುದಿತ್ತು ಎಂದುಕೊಂಡಳು ಮಹಾನಂದಾ.

‘ಕೌಟುಂಬಿಕ ಜವಾಬ್ದಾರಿಗಳಿರುವುದರಿಂದ ಪ್ರಭಾರ ಪ್ರಾಚಾರ್ಯ ಹುದ್ದೆಯನ್ನು ವಹಿಸಿಕೊಳ್ಳಲು ನನಗೆ ಇಚ್ಛೆ ಇರುವುದಿಲ್ಲ.’ ಕೆಳಗೆ ಅವಳ ಹೆಸರು, ಪದನಾಮ, ಸೇವೆಗೆ ಸೇರಿದ ದಿನಾಂಕ. ಸಹಿಗೆಂದು ಬಿಟ್ಟ ಜಾಗದಲ್ಲಿ ಪೆನ್ಸಿಲ್ಲಿನ ಒಂದು ಸಣ್ಣ ಗುರುತು. ಓದು ಬಾರದವರಿಗೆ ಹೆಬ್ಬೆಟ್ಟು ಎಲ್ಲಿ ಒತ್ತಬೇಕೆಂದು ಹೀಗೆಯೇ ತೋರಿಸುತ್ತಾರೆ.

ಕೌಟುಂಬಿಕ. ಬೈಲಹೊಂಗಲದ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಅವಳ ಕುಟುಂಬವೆಂದರೆ ಅವಳು, ಒಂದು ಕುಕ್ಕರು ಮತ್ತು ಮೇಲಿನ ಮನೆಯವರ ಟಿ.ವಿ. ಸದ್ದು.

ಕಾಗದ ತಂದುಕೊಟ್ಟ ಗುಮಾಸ್ತ ಗಂಗಪ್ಪ ಹೋಗದೆ ನಿಂತಿದ್ದ. ಉಳಿದ ಮೂವರೂ ನಿನ್ನೆಯೇ ಕೊಟ್ಟರು ಎಂದು ಗೋಡೆಯ ಕ್ಯಾಲೆಂಡರಿಗೆ ಹೇಳಿದ.

ಪದ್ಧತಿ ಎಲ್ಲರಿಗೂ ಗೊತ್ತಿದ್ದದ್ದೇ. ಪ್ರಾಚಾರ್ಯರು ನಿವೃತ್ತರಾದಾಗ ಸೇವೆಯಲ್ಲಿ ಹಿರಿಯರಾದವರು ಪ್ರಭಾರ ವಹಿಸಬೇಕು. ಆಡಳಿತ ಮಂಡಳಿಗೆ ಬೇಕಾದವನು ಹಿರಿಯನಲ್ಲದಿದ್ದರೆ ಅವನ ಮೇಲಿನವರೆಲ್ಲ ತಮಗೆ ಆ ಕುರ್ಚಿ ಬೇಡವೆಂದು ಒಬ್ಬೊಬ್ಬರಾಗಿ ಬರೆದುಕೊಡುತ್ತಾರೆ. ಯಾರೂ ಯಾರನ್ನೂ ಒತ್ತಾಯಿಸುವುದಿಲ್ಲ. ಗಂಗಪ್ಪನ ಕಂಪ್ಯೂಟರಿನಲ್ಲಿ ಇದಕ್ಕೆ ಎರಡು ನಮೂನೆಗಳಿವೆ. ಗಂಡಸರದರಲ್ಲಿ ‘ಸಂಶೋಧನಾ ಕಾರ್ಯದಲ್ಲಿ ತೊಡಗಿರುವುದರಿಂದ’ ಎಂದಿರುತ್ತದೆ, ಹೆಂಗಸರದರಲ್ಲಿ ‘ಕೌಟುಂಬಿಕ’ ಎಂದು. ನಿನ್ನೆ ಸಂಶೋಧನೆಯಲ್ಲಿ ತೊಡಗಿದ ಮೂವರಲ್ಲಿ ಒಬ್ಬರು ಮಧ್ಯಾಹ್ನದ ಪಾಠಕ್ಕೆ ಬರದೆ ನಿವೇಶನ ತೋರಿಸಲು ಹೋಗುವವರು. ಇನ್ನೊಬ್ಬರು ಇಪ್ಪತ್ತು ವರ್ಷದಿಂದ ಒಂದೇ ನೋಟ್ಸು ಓದಿಸುತ್ತಿರುವವರು. ಮೂರನೆಯವರ ಬಗ್ಗೆ ಯೋಚಿಸಲು ಅವಳಿಗೆ ಬೇಸರವಾಯಿತು.

“ಯಾವಾಗ ಬೇಕು?” ಎಂದಳು.

“ಇವತ್ತ ಕೊಟ್ರ ಚಲೋ ಆಗತದ್ರಿ ಬಾಯಾರ. ಸಂಜೀಕ ಅಧ್ಯಕ್ಷ ಸಾಹೇಬರ ಗಾಡಿ ಬೆಳಗಾವಿಗೆ, ಇಲಾಖೆ ಆಫೀಸಿಗೆ ಹೊಂಟೈತಿ.”

ಅವನು ಹೋದ ಮೇಲೆ ಮುತ್ತಪ್ಪ ಬಂದ. ಆ ಕುರ್ಚಿಗೆ ಬೇಕಾದವನು ಅವನೇ. ಅಧ್ಯಕ್ಷರ ತಂಗಿಯ ಅಳಿಯ, ವಾಣಿಜ್ಯ ವಿಭಾಗ, ಅವಳಿಗಿಂತ ಹನ್ನೆರಡು ವರ್ಷ ಕಿರಿಯ. ಇದೇ ಕಾಲೇಜಿನಲ್ಲಿ ಅವಳ ಮುಂದೆ ಕೂತು ಅರ್ಥಶಾಸ್ತ್ರ ಕೇಳಿದವನು. ಕಾಲೇಜಿನ ಪರೀಕ್ಷೆಯಲ್ಲಿ ಅವನಿಗೆ ಮೂವತ್ತೈದು ಬಂದಿತ್ತು. ಅದರಲ್ಲಿ ಮೂರು ಅವಳು ಕನಿಕರಪಟ್ಟು ಕೊಟ್ಟದ್ದು. ಆ ಮೂರು ಅಂಕ ಈಗ ಬಿಳಿ ಅಂಗಿ ತೊಟ್ಟು, ಬಾಗಿ, ಅವಳ ಕಾಲು ಮುಟ್ಟಿತು.

ಆಶೀರ್ವಾದ ಇರಲಿ ಎಂದ. ಯಾವುದಕ್ಕೆ ಎಂದು ಅವನು ಹೇಳಲಿಲ್ಲ, ಅವಳೂ ಕೇಳಲಿಲ್ಲ. ಮುಂದಿನ ತಿಂಗಳು ಮಹಿಳಾ ಘಟಕದಿಂದ ರಂಗೋಲಿ ಸ್ಪರ್ಧೆ ಇದೆಯಲ್ಲ, ಈ ಸಲ ಜೋರಾಗಿ ಮಾಡೋಣ ಎಂದ.

ಇಪ್ಪತ್ತಾರು ವರ್ಷದಲ್ಲಿ ಇಪ್ಪತ್ತಾರು ರಂಗೋಲಿ ಸ್ಪರ್ಧೆ. ಕಾಲೇಜಿಗೆ ಬಂದ ಪ್ರತಿಯೊಬ್ಬ ಅತಿಥಿಯ ಹಣೆಗೆ ಕುಂಕುಮ ಹಚ್ಚಿ ಆರತಿ ಎತ್ತಿದವಳು ಅವಳು. ಪಿಎಚ್.ಡಿ. ಬಂದ ವರ್ಷವೂ ಎತ್ತಿದ್ದಳು. ಆ ದಿನ ಅವಳ ಹೆಸರಿನ ಹಿಂದೆ ಡಾಕ್ಟರ್ ಎಂದು ಮೈಕಿನಲ್ಲಿ ಕೂಗಿದರು, ಆಮೇಲೆ ಆರತಿ ತಟ್ಟೆ ಕೈಗಿತ್ತರು. ಅವಳು ಅದನ್ನು ಯಾರ ತಲೆಗೂ ಎಸೆಯಲಿಲ್ಲ. ದೀಪ ಆರದಂತೆ ಅಂಗೈ ಅಡ್ಡ ಹಿಡಿದು ನಡೆದಳು. ಮುತ್ತಪ್ಪನ ಮೇಲಿನ ತಿರಸ್ಕಾರಕ್ಕಿಂತ ಆ ಅಂಗೈಯ ಮೇಲಿನ ತಿರಸ್ಕಾರ ದೊಡ್ಡದು.

ಹನ್ನೊಂದಕ್ಕೆ ಪಾಠವಿತ್ತು. ಹೊರಟವಳನ್ನು ಪಡಸಾಲೆಯಲ್ಲಿ ಶೀತಲ್ ತಡೆದಳು. ಶೀತಲ್ ಅತಿಥಿ ಉಪನ್ಯಾಸಕಿ, ಇಪ್ಪತ್ತೊಂಬತ್ತರ ಹುಡುಗಿ, ಆರು ತಿಂಗಳ ಬಸುರಿ. ಬೆಳಿಗ್ಗೆ ಇಲ್ಲಿ ಎರಡು ಪಾಠ ಮುಗಿಸಿ, ಬಸ್ಸು ಹಿಡಿದು, ಮಧ್ಯಾಹ್ನ ಸವದತ್ತಿಯ ಇನ್ನೊಂದು ಕಾಲೇಜಿಗೆ ಹೋಗುತ್ತಾಳೆ. ಅತಿಥಿಗಳಿಗೆ ಹೆರಿಗೆ ರಜೆ ಎಂಬುದಿಲ್ಲ. ಹೋದರೆ ಹೋದಂತೆ. ಹೋದವರ ಪಾಠ ಬೇರೆಯವರಿಗೆ ಹೋಗುತ್ತದೆ, ಮತ್ತೆ ತಿರುಗಿ ಬರುವುದಿಲ್ಲ. ಪ್ರಾಚಾರ್ಯರು ಮನಸ್ಸು ಮಾಡಿದರೆ ಮಾತ್ರ ಮೂರು ತಿಂಗಳು ಪಾಠಗಳನ್ನು ಉಳಿದವರಿಗೆ ಹಂಚಿ ಹೆಸರು ಉಳಿಸಬಹುದು. ಮುತ್ತಪ್ಪ ಆಗಲೇ ತನ್ನ ಮನಸ್ಸನ್ನು ಹೇಳಿಯಾಗಿತ್ತು. ಕೂಸಿನ ಕಡೆ ಲಕ್ಷ್ಯ ಕೊಡು ತಂಗಿ ಎಂದಿದ್ದನಂತೆ.

“ಮೇಡಂ, ನೀವು ಬರದ ಕೊಡಂಗಿಲ್ಲಲ್ರಿ?” ಎಂದಳು ಶೀತಲ್.

“ಪಾಠಕ್ಕ ಹೊತ್ತಾತು.”

“ಆ ಕುರ್ಚಿ ಮ್ಯಾಲ ನೀವಿದ್ರ ನಾ ಒಳಗ ಬಂದು ಕೇಳಬಹುದ್ರಿ. ಅವರಿದ್ರ ಬಾಗಲ ಹೊರಗ ನಿಲ್ಲೂದ.”

ಈ ಹುಡುಗಿಯ ನಂಬಿಕೆಯೂ ಅವಳಿಗೆ ಹೇಸಿಗೆ ಹುಟ್ಟಿಸಿತು. ಯಾಕೆ ಎಲ್ಲರೂ ಯಾರದಾದರೂ ಕಾಲು, ಯಾರದಾದರೂ ಬಾಗಿಲು ಹುಡುಕುತ್ತಾರೆ? ಆದರೂ ಸುಮ್ಮನೆ ಹೋಗಲಾಗಲಿಲ್ಲ.

“ನಾ ಯಾಕ ಬರದ ಕೊಡ್ಲಿ? ನನಗೇನ ಮನ್ಯಾಗ ತೊಟ್ಟಲಾ ತೂಗೂದೈತಿ?” ಎಂದಳು. ಅಂದ ಮೇಲೆ ಶೀತಲ್‌ಳ ಹೊಟ್ಟೆಯ ಕಡೆ ನೋಡಿ ನಾಲಿಗೆ ಕಚ್ಚಿಕೊಂಡಳು. ಶೀತಲ್ ಮಾತ್ರ ನಕ್ಕಳು. ಅವಳಿಗೆ ಮೊದಲಿನ ವಾಕ್ಯ ಸಾಕಾಗಿತ್ತು.

ತರಗತಿಯಲ್ಲಿ ಅರವತ್ತು ಜನ. ಎಂ.ಕೆ. ಹುಬ್ಬಳ್ಳಿ ಕಡೆಯಿಂದ ಬರುವ ರಾಯವ್ವ ಎಂಬ ಹುಡುಗಿ ಎದ್ದು ನಿಂತು ಕೇಳಿದಳು. ನಮ್ಮವ್ವ ಕಬ್ಬು ಕಡಿದರೆ ಅದು ದೇಶದ ಉತ್ಪನ್ನ, ಮನೆಗೆ ಬಂದು ರೊಟ್ಟಿ ಬಡಿದರೆ ಅದು ಯಾಕೆ ಅಲ್ಲ? ಮಹಾನಂದಾ ಸೀಮೆಸುಣ್ಣ ಕೆಳಗಿಟ್ಟಳು. ಆಮೇಲೆ ಏನು ಹೇಳಿದಳೋ, ಹೇಗೆ ಹೇಳಿದಳೋ, ಗಂಟೆ ಬಾರಿಸಿದ್ದು ಯಾರಿಗೂ ಕೇಳಲಿಲ್ಲ. ಹಿಂದಿನ ಬೆಂಚಿನಲ್ಲಿ ಮೊಬೈಲು ಒರೆಸುವ ಹುಡುಗರೂ ತಲೆ ಎತ್ತಿ ಕೂತಿದ್ದರು. ವರ್ಷಕ್ಕೆ ಒಂದೆರಡು ಸಲ ಹೀಗಾಗುತ್ತದೆ. ಆ ಹೊತ್ತು ಅವಳಿಗೆ ಯಾರ ಮೇಲೂ ತಿರಸ್ಕಾರವಿರುವುದಿಲ್ಲ, ತನ್ನ ಮೇಲೂ. ಇದಕ್ಕಾಗಿಯೇ ಬದುಕಿದ್ದೇನೆ ಎಂದು ಯಾರಾದರೂ ಅವಳ ಮುಂದೆ ಅಂದಿದ್ದರೆ ಅವಳು ಮುಖ ಸಿಂಡರಿಸುತ್ತಿದ್ದಳು. ಆದರೆ ನಿಜ ಅದೇ ಆಗಿತ್ತು.

ಆ ಬಿಸಿ ಆರುವ ಮೊದಲೇ ಮಹಿಳಾ ವಿಶ್ರಾಂತಿ ಕೊಠಡಿಗೆ ಹೋದಳು. ಅಲ್ಲಿ ಒಂದು ಮುರಿದ ಮಂಚ, ರಂಗೋಲಿ ಪುಡಿಯ ಚೀಲಗಳು, ಕಳೆದ ವರ್ಷದ ಬ್ಯಾನರು. ಚೀಲದ ಮೇಲೆ ಕೂತು ಬಿಳಿ ಹಾಳೆ ತೆಗೆದು ಬರೆದಳು. ‘ಸೇವಾ ಹಿರಿತನದ ಪ್ರಕಾರ ಪ್ರಭಾರ ಪ್ರಾಚಾರ್ಯ ಹುದ್ದೆಯನ್ನು ವಹಿಸಿಕೊಳ್ಳಲು ನಾನು ಸಿದ್ಧಳಿದ್ದೇನೆ.’ ಒಂದೇ ಸಾಲು. ಸಹಿ ಮಾಡಿದಳು. ಅಕ್ಷರ ಚೆನ್ನಾಗಿ ಬಂದಿತ್ತು.

ಆಮೇಲೆ ಗಂಗಪ್ಪನ ಕಾಗದವನ್ನೂ ತೆಗೆದು ತೊಡೆಯ ಮೇಲೆ ಹರಡಿದಳು. ಹರಿಯಲೆಂದೇ ತೆಗೆದದ್ದು. ಹರಿಯಲಿಲ್ಲ. ಪೆನ್ಸಿಲ್ಲಿನ ಗುರುತನ್ನು ನೋಡುತ್ತ ಕೂತಳು. ಎರಡೂ ಕೈಯಲ್ಲಿರಲಿ, ಅಲ್ಲಿಯ ಮಾತು ನೋಡಿ ಒಂದನ್ನು ಕೊಟ್ಟರಾಯಿತು ಎಂದು ಅದಕ್ಕೂ ಸಹಿ ಮಾಡಿದಳು. ಎರಡನ್ನೂ ಬ್ಯಾಗಿಗೆ ಹಾಕಿ ಜಿಪ್ಪು ಎಳೆದಳು. ಇದನ್ನು ಅವಳು ಜಾಣತನ ಎಂದುಕೊಂಡಳು.

ಎರಡು ಗಂಟೆಗೆ ಅಧ್ಯಕ್ಷರ ಕಾರು ಬಂತು. ಮನೆಗೆ ಬರಬೇಕಂತೆ, ಅವರ ತಾಯಿ ನೋಡಬೇಕೆನ್ನುತ್ತಿದ್ದಾರಂತೆ. ಯಾರೂ ಕರೆಯದಿದ್ದರೂ ಗಂಗಪ್ಪ ಮುಂದಿನ ಸೀಟಿನಲ್ಲಿ ಕೂತ.

ಅಧ್ಯಕ್ಷ ಉಳವಪ್ಪನವರ ಊರು ಸವದತ್ತಿ ದಾರಿಯಲ್ಲಿ, ಚಚಡಿಯನ್ನೂ ದಾಟಿ ಹೋಗಬೇಕು. ದಾರಿಯುದ್ದಕ್ಕೂ ಅವಳು ಮಾತುಗಳನ್ನು ಜೋಡಿಸಿಕೊಂಡಳು. ನಿಯಮ ಏನು ಹೇಳುತ್ತದೆ, ಇಲಾಖೆಗೆ ದೂರು ಕೊಟ್ಟರೆ ಏನಾಗುತ್ತದೆ, ನಿವೃತ್ತಿಗೆ ಇನ್ನೂ ಆರು ವರ್ಷ ಇದೆ. ಸಾಹೇಬರೇ ಎನ್ನಬೇಕೋ ಅಧ್ಯಕ್ಷರೇ ಎನ್ನಬೇಕೋ ಎಂಬುದೊಂದು ತೀರ್ಮಾನವಾಗಿರಲಿಲ್ಲ.

ಆ ಮಾತುಗಳಲ್ಲಿ ಒಂದೂ ಬೇಕಾಗಲಿಲ್ಲ. ಉಳವಪ್ಪನವರು ಪತ್ರದ ಸುದ್ದಿಯನ್ನೇ ಎತ್ತಲಿಲ್ಲ. ಕಟ್ಟೆಯ ಮೇಲೆ ಕೂತು ಮೊಣಕಾಲು ನೀವಿಕೊಳ್ಳುತ್ತ ಕಬ್ಬಿನ ಗಾಡಿಗಳು ಕಾರ್ಖಾನೆ ಮುಂದೆ ಎರಡೆರಡು ದಿನ ನಿಲ್ಲುವುದನ್ನು ಹೇಳಿದರು. ಚಹಾ ತರಿಸಿದರು. ಹೊಸ ನೆಲಹಾಸಿನ ಮೇಲೆ ಜಾರದಂತೆ ನಡೆಯಲು ಹೇಳಿದರು. ಅವಳನ್ನು ತಂಗಿ ಎಂದು ಕರೆದರು. ಅವಳಿಗೆ ಉತ್ತರ ಕೊಡಲು ಪ್ರಶ್ನೆಯೇ ಇರಲಿಲ್ಲ.

“ಅವ್ವ ಒಳಗ ಕರ್ಯಾಕ ಹತ್ಯಾಳ, ಹೋಗಿ ಬರ್ರಿ” ಎಂದರು ಕೊನೆಗೆ.

ನಡುಮನೆಯಲ್ಲಿ ಪದ್ಮವ್ವ ಗೋಡೆಗೆ ಒರಗಿ ಕೂತಿದ್ದಳು. ಎಂಬತ್ತೈದರ ಮುದುಕಿ. ಮುಂದೆ ಮಣೆ, ಮಣೆಯ ಪಕ್ಕ ಮೊರದಲ್ಲಿ ಅಕ್ಕಿ, ತೆಂಗಿನಕಾಯಿ, ಉತ್ತತ್ತಿ, ಅರಿಷಿಣದ ಬೇರು, ಎಲೆ ಅಡಿಕೆ, ಹಸಿರು ಕುಬಸದ ಖಣ. ಮಹಾನಂದಾ ಬಾಗಿಲಲ್ಲೇ ನಿಂತಳು. ಅರ್ಥವಾಯಿತು. ಎಷ್ಟು ಅಗ್ಗದ ಉಪಾಯ ಎಂದು ಮನಸ್ಸಿನಲ್ಲೇ ನಕ್ಕಳು.

“ನೀ ತೊರಗಲ್ಲ ಕಡೀಕಿನಾಕಿ ಅಲ್ಲನ ಯವ್ವಾ?” ಎಂದಳು ಮುದುಕಿ. “ತವರಮನ್ಯಾಗ ಉಡಿ ತುಂಬಿ ಎಷ್ಟ ವರ್ಷಾತು?”

ಮಹಾನಂದಾಳ ನಗು ನಿಂತಿತು. ಹನ್ನೊಂದು ವರ್ಷ. ರಾಮದುರ್ಗದವನಾದ ಗಂಡನನ್ನು ಬಿಟ್ಟು ಬಂದ ವರ್ಷದಿಂದ ಅಣ್ಣ ಪಂಚಮಿಗೆ ಕರೆಯುವುದನ್ನು ಬಿಟ್ಟಿದ್ದ. ಗಂಡ ಕೆಟ್ಟವನಾಗಿರಲಿಲ್ಲ, ತೊಂದರೆ ಅದೇ ಆಗಿತ್ತು. ದಿನಾ ಸಂಜೆ ಇವತ್ತು ಏನು ಪಾಠ ಮಾಡಿದಿ ಎಂದು ಕೇಳುತ್ತಿದ್ದ, ಕೇಳಿ ಪೇಪರು ಓದುತ್ತಿದ್ದ. ಹದಿನಾರು ವರ್ಷ ಅವಳು ಪೇಪರಿಗೆ ಪಾಠ ಹೇಳಿದಳು. ಬಿಟ್ಟು ಬಂದದ್ದಕ್ಕೆ ಇದೊಂದೇ ಕಾರಣ ಎಂದರೆ ಅಣ್ಣನಿಗೆ ಅರ್ಥವಾಗಲಿಲ್ಲ. ಅವಳೂ ಎರಡನೆಯ ಸಲ ಹೇಳಲಿಲ್ಲ.

“ಹನ್ನೊಂದಾತ್ರಿ” ಎಂದಳು.

“ಗಂಡ ಅದಾನಲ್ಲ ಜೀವಂತ? ಮುತ್ತೈದಿ ನೀ. ಬಾ, ಕುಂದರ. ಇದೂ ನಿನ್ನ ತವರಮನಿ.”

ಕೂರಬಾರದು ಎಂದುಕೊಂಡಳು. ಮೊನ್ನೆಯಷ್ಟೇ ಅಂತಿಮ ವರ್ಷದವರಿಗೆ ಉಡುಗೊರೆಯ ಅರ್ಥಶಾಸ್ತ್ರ ಪಾಠ ಮಾಡಿದ್ದಳು. ಕೊಟ್ಟವನು ಏನು ಕೊಂಡ ಎಂದು ಮೊದಲು ಕೇಳಿ ಎಂದಿದ್ದಳು. ಈಗ ಸೆರಗಿನ ಪಿನ್ನು ಬಿಚ್ಚಲು ಹೋಗಿ, ಅವಸರದಲ್ಲಿ ಜಗ್ಗಿ, ಸೆರಗಿನಲ್ಲಿ ಬೆರಳು ತೂರುವಷ್ಟು ಹರಿದುಕೊಂಡಳು. ಯಾರೂ ನೋಡಲಿಲ್ಲ. ಪೂರ್ವಕ್ಕೆ ಮುಖ ಮಾಡಿ ಮಣೆಯ ಮೇಲೆ ಕೂತಳು.

ಗಂಡ ಸತ್ತ ಪದ್ಮವ್ವ ತಾನು ತುಂಬುವಂತಿರಲಿಲ್ಲ. ಕೂತಲ್ಲಿಂದಲೇ ಹೇಳುತ್ತಿದ್ದಳು, ಸೊಸೆ ಹಣೆಗೆ ಕುಂಕುಮ ಹಚ್ಚಿ ಅಕ್ಕಿ ಹಾಕುತ್ತಿದ್ದಳು. ಒಂದು ಬೊಗಸೆ, ಎರಡು. ತೊಡೆಯ ಮೇಲೆ ಅಕ್ಕಿಯ ಭಾರ ಇಳಿಯುತ್ತ ಬಂತು. ಐದನೆಯ ಬೊಗಸೆಗೆ ಮಹಾನಂದಾ ಅತ್ತಳು. ಇಷ್ಟು ವರ್ಷ ಯಾವ ಸಭೆಯಲ್ಲೂ, ಗಂಡನನ್ನು ಬಿಟ್ಟಾಗ ಹತ್ತಿದ ಕೋರ್ಟಿನ ಮೆಟ್ಟಿಲ ಮೇಲೂ ಅಳದವಳು, ಐದು ಬೊಗಸೆ ಅಕ್ಕಿಗೆ ಮೂಗು ಸೋರುವಂತೆ ಅತ್ತಳು. ಕಣ್ಣೊರೆಸಿಕೊಳ್ಳಲು ಕೈ ಬಿಡುವಿರಲಿಲ್ಲ. ಸೊಸೆಯೇ ತನ್ನ ಸೆರಗಿನಿಂದ ಒರೆಸಿದಳು.

“ಮನಿ ಮುಟ್ಟೂತನಕ ಉಡಿ ಬಿಚ್ಚಬ್ಯಾಡ. ಎರಡೂ ಕೈಲೆ ಹಿಡಕೊ. ದಾರ್ಯಾಗ ಚೆಲ್ಲಿದ್ರ ತವರಿಗಿ ಛಲೋ ಅಲ್ಲ” ಎಂದಳು ಪದ್ಮವ್ವ. ಮುದುಕಿಗೆ ಏನೂ ಗೊತ್ತಿರಲಿಲ್ಲ. ಅಥವಾ ಎಲ್ಲ ಗೊತ್ತಿತ್ತು.

ಎರಡೂ ಕೈಯಲ್ಲಿ ಉಡಿ ಹಿಡಿದು ಅವಳು ಪಡಸಾಲೆಗೆ ಬಂದಳು. ಹೆಗಲಲ್ಲಿ ಬ್ಯಾಗು. ಅಂಗಳದಲ್ಲಿ ಕಾರು ಶುರುವಾಗಿ ನಿಂತಿತ್ತು. ಉಳವಪ್ಪನವರು ಅವಳ ಕುಂಕುಮ ನೋಡಿದರು, ಉಡಿ ನೋಡಿದರು, ಕಣ್ಣು ನೋಡಿದರು.

“ಗಂಗಪ್ಪಾ, ಬಾಯಾರ ಎರಡೂ ಕೈ ತುಂಬ್ಯಾವ. ಕಾಗದ ನೀನ ತಗೋಳೋ.”

“ತಗೀಲೇನ್ರಿ ಬಾಯಾರ?” ಎಂದ ಗಂಗಪ್ಪ.

ಬೇಡ ಎನ್ನಬಹುದಿತ್ತು. ಒಂದು ಕೈ ಬಿಟ್ಟಿದ್ದರೆ ಬ್ಯಾಗು ಹಿಡಿಯಬಹುದಿತ್ತು. ಉಡಿ ಚೆಲ್ಲುತ್ತಿತ್ತು, ಹೊಸ್ತಿಲ ಒಳಗೆ ಮುದುಕಿ ನೋಡುತ್ತಿದ್ದಳು. ಮಹಾನಂದಾ ಅಕ್ಕಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು.

ಗಂಗಪ್ಪ ಜಿಪ್ಪು ಎಳೆದ. ಎರಡೂ ಕಾಗದ ಕೈಗೆ ಬಂದವು. ಕೈಬರಹದ್ದನ್ನು ಓದಿದ, ಟೈಪಿನದನ್ನು ಓದಿದ, ಎರಡರ ಸಹಿಯನ್ನೂ ನೋಡಿದ. ಮುಖದಲ್ಲಿ ಏನೂ ಕದಲಲಿಲ್ಲ, ಹಳೆಯ ಗುಮಾಸ್ತ. ಕೈಬರಹದ್ದನ್ನು ಮಡಿಕೆ ಕೆಡದಂತೆ ಮಡಿಚಿ ಬ್ಯಾಗಿನೊಳಗೆ ಇಟ್ಟು ಜಿಪ್ಪು ಹಾಕಿದ. ಇನ್ನೊಂದನ್ನು ಫೈಲಿಗೆ ಸೇರಿಸಿಕೊಂಡು ಕಾರು ಹತ್ತಿದ.

ಕಾರು ಬೆಳಗಾವಿಗೆ ಹೋಗುವುದಿತ್ತು. ಬೈಲಹೊಂಗಲದ ಮೇಲೇ ಹೋಗುತ್ತದಲ್ಲ ಎಂದು ಯಾರಿಗೂ ಹೊಳೆಯಲಿಲ್ಲ, ಅವಳಿಗೂ. ಮನೆಮಗಳನ್ನು ಒಬ್ಬ ಆಳು ಬಸ್ ಸ್ಟಾಪಿನ ತನಕ ಬಿಟ್ಟು ಹೋದ.

ಸವದತ್ತಿಯಿಂದ ಬೈಲಹೊಂಗಲಕ್ಕೆ ಹೋಗುವ ನಾಲ್ಕೂಮುಕ್ಕಾಲಿನ ಬಸ್ಸು ಹೆಂಗಸರಿಂದ ತುಂಬಿ ಬಂತು. ಹೆಂಗಸರಿಗೆ ಪ್ರಯಾಣ ಪುಕ್ಕಟೆಯಾದಾಗಿನಿಂದ ಯಾವ ಬಸ್ಸಿನಲ್ಲೂ ಕಾಲಿಡಲು ಜಾಗವಿಲ್ಲ. ಕುಂಕುಮ, ಉಡಿ ಕಂಡು ಎಲ್ಲರೂ ಗೌರವದಿಂದ ಸರಿದು ದಾರಿ ಕೊಟ್ಟರು. ಸೀಟು ಯಾರೂ ಕೊಡಲಿಲ್ಲ. ಮಹಾನಂದಾ ನಡುವಿನ ಕಂಬಕ್ಕೆ ಬೆನ್ನು ಕೊಟ್ಟು ನಿಂತಳು. ಬಸ್ಸು ಹೊರಳಿದಾಗಲೆಲ್ಲ ಹಿಡಿದುಕೊಳ್ಳಲು ಕೈಯಿಲ್ಲದೆ ಅತ್ತಿತ್ತ ವಾಲಿದಳು.

“ಮೇಡಂ!”

ಶೀತಲ್. ಅವಳೂ ನಿಂತಿದ್ದಳು, ಒಂದು ಕೈ ಮೇಲಿನ ಸರಳಿಗೆ, ಒಂದು ಕೈ ಹೊಟ್ಟೆಗೆ. ಜನರ ನಡುವೆ ತೂರಿ ಹತ್ತಿರ ಬಂದಳು. ಉಡಿ ನೋಡಿ ಅವಳ ಮುಖ ಅರಳಿತು. ಯಾರ ಮನೆ ಎಂದು ಕೇಳಿದಳು, ಮಹಾನಂದಾ ಹೇಳಿದಳು. ಅರಳಿದ ಮುಖ ಅರ್ಧಕ್ಕೆ ನಿಂತಿತು.

“ಅಲ್ಲಿ ಸಹಿ ಮಾಡಿಸಿಕೊಂಡ್ರೇನ್ರಿ?”

“ಇಲ್ಲ. ಅಲ್ಲಿ ನಾ ಸಹಿ ಮಾಡ್ಲಿಲ್ಲ” ಎಂದಳು ಮಹಾನಂದಾ. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ಕಂಡಕ್ಟರ್ ಬಂದು ಆಧಾರ್ ಕೇಳಿದ. ಲಕ್ಷದ ಮೇಲೆ ಪಗಾರ ಎಣಿಸುವವಳು ಸೊನ್ನೆ ದರದ ಟಿಕೆಟಿಗೆ ಗುರುತು ತೋರಿಸಬೇಕು, ತೋರಿಸಲು ಕೈಯಿಲ್ಲ.

“ಬ್ಯಾಗಿನ್ಯಾಗ ಐತೇನ್ರಿ ಮೇಡಂ? ನಾ ತಗೀಲೇನ್ರಿ?” ಎಂದಳು ಶೀತಲ್.

ಮಹಾನಂದಾ ಈಗಲೂ ಉಡಿಯಿಂದ ಕೈ ತೆಗೆಯಲಿಲ್ಲ. ಶೀತಲ್ ಜಿಪ್ಪು ಎಳೆದಳು. ಆಧಾರ್ ಕಾರ್ಡಿನ ಜೊತೆ ಮಡಿಚಿದ ಹಾಳೆಯೂ ಬಂತು. ಗಾಳಿಗೆ ಅದು ತಾನೇ ಬಿಚ್ಚಿಕೊಂಡಿತು. ಒಂದೇ ಸಾಲು. ಶೀತಲ್ ಅದನ್ನು ಎರಡು ಸಲ ಓದಿದಳು. ಅವಳ ಕಣ್ಣು ತುಂಬಿದವು.

“ಒಂದ ಪ್ರತಿ ನಿಮ್ಮ ಕಡೆ ಇಟ್ಟಕೊಂಡೀರಿ. ಛಲೋ ಮಾಡಿದ್ರಿ. ನನಗ್ಗೊತ್ತಿತ್ರಿ ಮೇಡಂ, ನೀವು ಕೊಟ್ಟ ಬರತೀರಿ ಅಂತ.”

ಹೇಳಬೇಕಿತ್ತು. ಬಾಯಿಗಂತೂ ಯಾರೂ ಏನೂ ತುಂಬಿರಲಿಲ್ಲ. ಮಹಾನಂದಾ ಕಿಟಕಿಯ ಕಡೆ ನೋಡಿದಳು. ಶೀತಲ್ ಹಾಳೆಯನ್ನು ಮಡಿಕೆ ಕೆಡದಂತೆ ಮಡಿಚಿ ಒಳಗಿಟ್ಟು ಜಿಪ್ಪು ಹಾಕಿದಳು.

ಬಸ್ಸು ಗಕ್ಕನೆ ನಿಂತಿತು. ಮುಂದೆ ಕಬ್ಬು ಹೇರಿದ ಟ್ರ್ಯಾಕ್ಟರುಗಳ ಸಾಲು, ದಾಟಿ ಹೋಗಲು ದಾರಿಯಿಲ್ಲ. ಡ್ರೈವರ್ ಎಂಜಿನ್ ಆರಿಸಿದ. ಆ ನಿಶ್ಶಬ್ದದಲ್ಲಿ ಸಣ್ಣಗೆ ಏನೋ ಉದುರುವ ಸದ್ದು ಕೇಳಿಸಿತು.

“ಮೇಡಂ, ಅಕ್ಕಿ ಸೋರಾಕ ಹತ್ಯಾವ್ರಿ.”

ಮಹಾನಂದಾ ಕೆಳಗೆ ನೋಡಿದಳು. ಪಿನ್ನು ಹರಿದ ತೂತಿನಿಂದ ಅಕ್ಕಿ ಸಣ್ಣ ಧಾರೆಯಾಗಿ ಇಳಿದು ಚಪ್ಪಲಿಗಳ ನಡುವೆ ಹರಡುತ್ತಿತ್ತು. ಹತ್ತಿದಾಗಿನಿಂದ ಇಳಿಯುತ್ತಿದ್ದಿರಬೇಕು, ಉಡಿ ಆಗಲೇ ಹಗುರಾಗಿತ್ತು.

“ಬಿಡ ಶೀತಲ್” ಎಂದಳು.

“ಉಡಿ ಅಕ್ಕಿ ತುಳದ್ರ ಹ್ಯಾಂಗ್ರಿ” ಎಂದು ಶೀತಲ್ ಹೊಟ್ಟೆ ಹಿಡಿದುಕೊಂಡು, ಸೀಟಿನ ಕಾಲಿಗೆ ಆತುಕೊಂಡು, ಮೆಲ್ಲಗೆ ಕುಕ್ಕರಗಾಲಲ್ಲಿ ಕೂತಳು. ಜನರ ಕಾಲುಗಳ ನಡುವೆ ಕೈ ಹಾಕಿ, ಮಣ್ಣು ಹತ್ತಿದ ಅಕ್ಕಿಯನ್ನು ಬೆರಳಿನಿಂದ ಗೋರಿ, ಊದಿ, ಕೈ ಮೇಲೆತ್ತಿ ಉಡಿಗೆ ಹಾಕಿದಳು. ಮತ್ತೆ ಬಾಗಿದಳು. ಹಾಕಿದ್ದು ತೂತಿನಿಂದ ಇಳಿದು ಅವಳ ಬೆನ್ನ ಮೇಲೆ ಬೀಳುತ್ತಿತ್ತು, ಅವಳಿಗೆ ಅದು ಕಾಣುತ್ತಿರಲಿಲ್ಲ.

ಒಂದು ಬೆರಳು ಅಡ್ಡ ಇಟ್ಟರೆ ಸಾಕಿತ್ತು. ಅದಕ್ಕೆ ಒಂದು ಕೈ ಬಿಡಬೇಕಿತ್ತು. ಮಹಾನಂದಾ ಎರಡೂ ಕೈಯಲ್ಲಿ ಸೆರಗು ಹಿಡಿದು, ಕೆಳಗೆ ಬಾಗಿ ಏಳುತ್ತಿದ್ದ ಆ ಬೆನ್ನನ್ನೇ ನೋಡುತ್ತ ನಿಂತಿದ್ದಳು.